ಮಂಗಳೂರಿನ ಬೀಡಿ ಕಟ್ಟುವ ಮಹಿಳೆ 38ನೇ ವಯಸ್ಸಿನಲ್ಲಿ ಓದು ಮುಂದುವರಿಸಬಹುದೇ? ಸರ್ಕಾರ ಏನು ಮಾಡಬೇಕು?

ಖಂಡಿತ ಮುಂದುವರಿಸಬಹುದು. ಎಂಟನೇ ತರಗತಿಗೆ ಶಾಲೆ ಬಿಟ್ಟವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ಅಲ್ಲಿ ಗರಿಷ್ಠ ವಯೋಮಿತಿಯೇ ಇಲ್ಲ. ವಿಷಯಗಳನ್ನು ಒಂದೊಂದಾಗಿ, ಐದು ವರ್ಷಗಳ ಅವಧಿಯಲ್ಲಿ ಮುಗಿಸಲು ಅವಕಾಶವಿದೆ.

ಕೆಲಸ ಕಲಿಯುವುದಕ್ಕೆ ನಮ್ಮ ಜಿಲ್ಲೆಯೇ ದೇಶಕ್ಕೆ ದಾರಿ ತೋರಿಸಿದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿಯೊಂದಿಗೆ ಉಚಿತ ಸ್ವಉದ್ಯೋಗ ತರಬೇತಿ ಕೊಡುತ್ತದೆ. ಬ್ರಹ್ಮಾವರದಲ್ಲೂ ಅದರ ಕೇಂದ್ರವಿದೆ. ಇದೇ ಮಾದರಿಯನ್ನು ಕೇಂದ್ರ ಸರ್ಕಾರ ದೇಶದ ಇತರ ಜಿಲ್ಲೆಗಳಿಗೂ ವಿಸ್ತರಿಸಿತು.

ಆದರೆ ಬೀಡಿಯ ಮಜೂರಿ ಸಿಗುವುದು ಕಟ್ಟಿದ ಲೆಕ್ಕಕ್ಕೆ. ತರಬೇತಿಗೆ ಹೋದ ದಿನ ಬೀಡಿ ಕಟ್ಟುವ ಮೊರ ಕೈಗೆತ್ತಿಕೊಳ್ಳಲಾಗುವುದಿಲ್ಲ, ಮನೆಗೆ ದುಡ್ಡೂ ಬರುವುದಿಲ್ಲ. ಮಕ್ಕಳನ್ನೋ ಹಾಸಿಗೆ ಹಿಡಿದ ಅತ್ತೆಯನ್ನೋ ಬಿಟ್ಟು ವಾರಗಟ್ಟಲೆ ಹೊರಗೆ ಉಳಿಯುವುದು ಎಷ್ಟು ಮಂದಿಗೆ ಸಾಧ್ಯ? ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಕರಾವಳಿಯ ಎಷ್ಟೋ ಹಳ್ಳಿಗಳಿಗೆ ಹೋಗುವುದು ಖಾಸಗಿ ಬಸ್ಸು.

ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ. ಅಂಥದ್ದೇ ಭತ್ಯೆ ತರಬೇತಿಯಲ್ಲಿರುವ, ಶಾಲೆ ಬಿಟ್ಟ ವಯಸ್ಕರಿಗೂ ಸಿಗಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಊರಿನ ಸರ್ಕಾರಿ ಶಾಲೆಗಳಲ್ಲಿ ಸಂಜೆ ಕೊಠಡಿಗಳು ಖಾಲಿ ಇರುತ್ತವೆ. ತರಗತಿಯನ್ನು ಅಲ್ಲಿಯೇ ನಡೆಸಿದರೆ ಬಸ್ಸಿನ ಪ್ರಶ್ನೆಯೇ ಬರುವುದಿಲ್ಲ.