ಒಂಬತ್ತು ದಿನಕ್ಕೆ ಮೂರು ದೇಶ ಬೇಡ, ಮಲೇಷ್ಯಾ ಒಂದೇ ಸಾಕು

ಮೇ ರಜೆಯಲ್ಲಿ ಒಂಬತ್ತು ದಿನ, ಜೊತೆಗೆ ಹತ್ತು ವರ್ಷದ ಮಗಳು, ಸಿಂಗಪುರ, ಥಾಯ್ಲೆಂಡ್, ಬಾಲಿ ಮೂರೂ ಸೇರಿಸಿ ಸಿಟಿ, ಕಾಡು, ಬೀಚ್ ನೋಡಬಹುದಾ ಅಂತ ಕೇಳಿದ್ದೀರಿ. ಬೇಡ ಅಂತೀನಿ. ಅರ್ಧ ರಜೆ ಏರ್‌ಪೋರ್ಟಿನ ಸಾಲಿನಲ್ಲೇ ಕಳೆದುಹೋಗುತ್ತದೆ. ಮಲೇಷ್ಯಾ ಒಂದಕ್ಕೇ ಹೋಗಿ, ಸಿಟಿ, ಕಾಡು, ಬೀಚ್ ಮೂರೂ ಅಲ್ಲೇ ಇವೆ. ನಾವು ಮಗನ ಬೇಸಿಗೆ ರಜೆಯಲ್ಲಿ ಇದೇ ದಾರಿ ಹಿಡಿದು ಬಂದೆವು.

ಮೊದಲು ತಿಂಗಳು ನೋಡಿ, ಆಮೇಲೆ ಬೀಚ್. ಅಲ್ಲಿನ ಪೂರ್ವ ಕರಾವಳಿಗೆ ಜೋರು ಮಳೆ ನವೆಂಬರಿನಿಂದ ಫೆಬ್ರವರಿವರೆಗೆ. ಆಗ ಪೆರ್ಹೆಂಟಿಯನ್ ದ್ವೀಪಗಳಲ್ಲಿ ಹೆಚ್ಚಿನ ರೆಸಾರ್ಟುಗಳು ಬಾಗಿಲು ಹಾಕಿರುತ್ತವೆ. ನಮ್ಮ ಮಕ್ಕಳಿಗೆ ರಜೆ ಇರುವ ಹೊತ್ತಿಗೆ ಸಮುದ್ರ ಶಾಂತ, ನೀರು ತಿಳಿ. ನೀವು ಡಿಸೆಂಬರ್ ಅಂದಿದ್ದರೆ ಪಶ್ಚಿಮದ ಲಂಕಾವಿಗೆ ಹೋಗಿ ಅಂತಿದ್ದೆ.

ಕೌಲಾಲಂಪುರಕ್ಕೆ ಎರಡು ರಾತ್ರಿ ಸಾಕು. ಬೆಂಗಳೂರಿನಿಂದ ನೇರ ವಿಮಾನ, ಸುಮಾರು 4 ಗಂಟೆ. 452 ಮೀಟರ್ ಎತ್ತರದ ಪೆಟ್ರೊನಾಸ್ ಗೋಪುರಗಳನ್ನು ರಾತ್ರಿ ಕೆಳಗಿನ ಪಾರ್ಕಿನಲ್ಲಿ ಕೂತು ನೋಡಿದರೇ ಚೆನ್ನ. ಬಟು ಗುಹೆಯ 272 ಮೆಟ್ಟಿಲನ್ನು ಬಿಸಿಲೇರುವ ಮುಂಚೆ ಹತ್ತಿಬಿಡಿ. ಸಸ್ಯಾಹಾರಿಗಳಾದರೆ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಲೆ ಊಟ ಸಿಗುತ್ತದೆ. ಬೇರೆ ಕಡೆ ಬರೀ ಸೊಪ್ಪಿನ ಪಲ್ಯ ಅಂತ ತರಿಸಿಕೊಂಡರೂ ಅದರಲ್ಲಿ ಬೆಲಾಚಾನ್, ಅಂದರೆ ಸಿಗಡಿ ಅರೆದದ್ದು, ಇರಬಹುದು. ಕೇಳಿಯೇ ತಿನ್ನಿ.

ಕಾಡಿಗೆ ಮಾತ್ರ ಒಂದೇ ದಿನ ಇಡಬೇಡಿ. ತಮನ್ ನೆಗಾರಾ 4,343 ಚದರ ಕಿಲೋಮೀಟರಿನ ಮಳೆಕಾಡು. ಕೌಲಾಲಂಪುರದಿಂದ ವ್ಯಾನಿನಲ್ಲಿ ನಾಲ್ಕೈದು ಗಂಟೆ ಹೋದರೆ ಕ್ವಾಲಾ ತಹಾನ್ ಅಂತ ಸಣ್ಣ ಊರು, ಹೊಳೆಯ ಮೇಲೇ ತೇಲುವ ಊಟದ ಹೋಟೆಲುಗಳು, ದೋಣಿಯಲ್ಲಿ ಆಚೆ ದಡಕ್ಕೆ ದಾಟಿದರೆ ಕಾಡು ಶುರು. ನಾಗರಹೊಳೆ ಸಫಾರಿ ತರಹ ಜೀಪಿನಲ್ಲಿ ಕೂತು ಆನೆ, ಹುಲಿ ನೋಡುತ್ತೇವೆ ಅಂತ ಹೋಗಬೇಡಿ, ಅಷ್ಟು ದಟ್ಟ ಕಾಡಿನಲ್ಲಿ ದೊಡ್ಡ ಪ್ರಾಣಿ ಕಣ್ಣಿಗೆ ಬೀಳುವುದು ಅಪರೂಪ. ನಡೆಯಬೇಕು, ನಿಂತು ಕೇಳಿಸಿಕೊಳ್ಳಬೇಕು. ರಾತ್ರಿ ನಡಿಗೆಗೆ ಗೈಡ್ ಜೊತೆ ಖಂಡಿತ ಹೋಗಿ. ನಮ್ಮ ಗೈಡ್ ಒಂದು ಮರದ ಬುಡಕ್ಕೆ ನೇರಳೆ ಬೆಳಕಿನ ಟಾರ್ಚ್ ಬಿಟ್ಟ. ಅಲ್ಲಿವರೆಗೂ ಕಾಣದೇ ಇದ್ದ ಕಪ್ಪು ಚೇಳು ತಿಳಿಹಸಿರಾಗಿ ಹೊಳೆಯಿತು, ಕೊಂಡಿ ಸಮೇತ. ನನ್ನ ಕೈ ಹಿಡಿದಿದ್ದ ಮಗ ಉಸಿರೇ ಬಿಡಲಿಲ್ಲ. ಇಂಬಳ ಜಾಸ್ತಿ, ಮಲೆನಾಡಿನ ಮಳೆಗಾಲದ ಹಾಗೇ. ಉದ್ದ ಕಾಲುಚೀಲದೊಳಗೆ ಪ್ಯಾಂಟ್ ಸೇರಿಸಿಕೊಂಡರೆ ಆಯಿತು, ಮಗಳಿಗೆ ಮೊದಲೇ ಹೇಳಿಡಿ.

ಅಲ್ಲಿಂದ ಕ್ವಾಲಾ ಬೆಸುತ್ ಬಂದರಿಗೆ ವ್ಯಾನಿನಲ್ಲಿ ಏಳೆಂಟು ಗಂಟೆ. ಬೇಸರದ ದಾರಿ, ಆದರೆ ಒಂದೇ ದಿನ ಅಲ್ವಾ? ಆಮೇಲೆ ಪೆರ್ಹೆಂಟಿಯನ್‌ಗೆ ಸ್ಪೀಡ್‌ಬೋಟಿನಲ್ಲಿ ಅರ್ಧ ಮುಕ್ಕಾಲು ಗಂಟೆ. ಅಲ್ಲಿ ಮುಖ್ಯವಾದವು ಎರಡು ದ್ವೀಪ, ಕೆಚಿಲ್ ಮತ್ತು ಬೆಸಾರ್. ಕೆಚಿಲ್ ಹುಡುಗರ ಗುಂಪಿಗೆ ಸರಿ, ಮಗು ಇದ್ದರೆ ಬೆಸಾರ್ ಹಿಡಿಯಿರಿ. ಮೂರು ರಾತ್ರಿ ಇರಿ. ಲೈಫ್‌ಜಾಕೆಟ್ ಹಾಕಿಕೊಂಡು ಮುಖ ನೀರಿಗಿಟ್ಟರೆ ಕೆಳಗೆ ಹಸಿರಾಮೆ ಕಡಲಹುಲ್ಲು ಮೇಯುತ್ತಿರುತ್ತದೆ, ನಮ್ಮ ಹಸು ಮೇಯುವ ಹಾಗೆ, ತಲೆ ಎತ್ತದೆ. ಆಗೊಮ್ಮೆ ಈಗೊಮ್ಮೆ ಮೇಲೆ ಬಂದು ಉಸಿರೆಳೆದುಕೊಂಡು ಮತ್ತೆ ಇಳಿಯುತ್ತದೆ. ದಯವಿಟ್ಟು ದೂರದಿಂದ ನೋಡಿ, ಮುಟ್ಟಬೇಡಿ, ಹವಳದ ಮೇಲೆ ಕಾಲಿಡಬೇಡಿ. ಎಟಿಎಂ ನಂಬಿಕೊಂಡು ದ್ವೀಪಕ್ಕೆ ಹೋಗಬೇಡಿ, ರಿಂಗಿಟ್ ನೋಟು ಇಟ್ಟುಕೊಂಡಿರಿ.

ಭಾರತೀಯರಿಗೆ 30 ದಿನ ವೀಸಾ ಬೇಡ ಅನ್ನೋ ನಿಯಮ 2023ರ ಡಿಸೆಂಬರಿನಲ್ಲಿ ಬಂತು. ಟಿಕೆಟ್ ತೆಗೆಯುವ ದಿನ ಅದು ಇನ್ನೂ ಇದೆಯಾ ಅಂತ ನೋಡಿಕೊಳ್ಳಿ. ಡಿಜಿಟಲ್ ಅರೈವಲ್ ಕಾರ್ಡನ್ನು ಮಲೇಷ್ಯಾ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು. ವಾಪಸ್ ಬರುವಾಗ ಬಂದರಿಗೆ ಹತ್ತಿರದ ಊರು ಕೋಟ ಭಾರುವಿನಿಂದ ವಿಮಾನ ಹಿಡಿದರೆ ಒಂದು ಗಂಟೆಗೆ ಕೌಲಾಲಂಪುರ. ಆದರೆ ದ್ವೀಪದಿಂದ ಹೊರಟ ದಿನವೇ ಬೆಂಗಳೂರಿನ ವಿಮಾನ ಇಟ್ಟುಕೊಳ್ಳಬೇಡಿ. ಅಲೆ ಎದ್ದರೆ ದೋಣಿ ತಡವಾಗುತ್ತದೆ, ಒಂದು ರಾತ್ರಿ ಕೈಯಲ್ಲಿರಲಿ.