ಬಳ್ಳಾರಿ ಕಿಲ್ನ್ ಬಿಟ್ಟು ಪರ್ತ್‌ಗೆ ಬಂದ ತಮ್ಮನಿಗೆ

ತಮ್ಮಾ,

ಬಳ್ಳಾರಿ ಕಡೆ ಸ್ಪಾಂಜ್ ಐರನ್ ಕಿಲ್ನ್ (ತಿರುಗುವ ಉದ್ದನೆಯ ಕುಲುಮೆ) ನಡೆಸಿದವನು, ಹೆಂಡತಿಗೆ ನರ್ಸ್ ಕೆಲಸ ಸಿಕ್ಕಿದ್ದಕ್ಕೆ ಜೊತೆಗೆ ಪರ್ತ್‌ಗೆ ಬಂದಿದ್ದೇನೆ, ನನ್ನ ಅನುಭವಕ್ಕೆ ಇಲ್ಲಿ ಬೆಲೆ ಇದೆಯಾ, ಮನ್ಸ್ಟರ್‌ನ ಟೇಫ್ (ಇಲ್ಲಿನ ಸರ್ಕಾರಿ ವೃತ್ತಿ ತರಬೇತಿ ಸಂಸ್ಥೆ) ಕೋರ್ಸಿಗೆ ಸೇರಲಾ ಇಲ್ಲ ನೇರ ಲಿಥಿಯಂ ಪ್ಲಾಂಟಿಗೆ ಅರ್ಜಿ ಹಾಕಲಾ ಅಂತ ಕೇಳಿದ್ದೀಯ. ಊಟ, ಬಾಡಿಗೆ, ಫ್ಲೈ-ಇನ್ ಕೆಲಸದ ಬಗ್ಗೆಯೂ ಕೇಳಿದ್ದೀಯ.

ಊಟದ ಚಿಂತೆ ಬಿಡು, ಜೋಳದ ಹಿಟ್ಟೂ ಸಿಗುತ್ತೆ. ಮನೆ ರಾಕಿಂಗ್‌ಹ್ಯಾಮ್ ಕಡೆ ನೋಡು, ಕಾರ್ಖಾನೆಗಳಿರೋ ಕ್ವಿನಾನಾಕ್ಕೆ ಹತ್ತಿರ. ದೂರದ ಉತ್ತರದಲ್ಲಿರೋ ಕರಥಾ ಕಡೆ ವಿಮಾನದಲ್ಲಿ ಹೋಗಿ, ಪಾಳಿ ಮುಗಿಯೋ ತನಕ ಅಲ್ಲೇ ಇದ್ದು ಬರೋ ಫ್ಲೈ-ಇನ್ ಕೆಲಸಕ್ಕೆ ಸಂಬಳ ಚೆನ್ನಾಗಿದೆ. ಆದರೆ ಮನೆಯಲ್ಲಿ ಹೆಂಡತಿಯದೂ ಶಿಫ್ಟ್ ಡ್ಯೂಟಿ, ನೋಡಿಕೊಳ್ಳೋಕೆ ಅತ್ತೆ ಇಲ್ಲ, ಅಮ್ಮ ಇಲ್ಲ. ಮೊದಲ ವರ್ಷ ಬೇಡ.

ನಿನ್ನ ಅನುಭವಕ್ಕೆ ಖಂಡಿತ ಬೆಲೆ ಇದೆ, ಅದನ್ನ ನೀನೇ ಬಿಡಿಸಿ ಹೇಳಬೇಕು ಅಷ್ಟೆ. ಗ್ರೀನ್‌ಬುಶಸ್ ಗಣಿಯಿಂದ ಬರೋ ಸ್ಪಾಡುಮಿನ್ ಅನ್ನೋ ಲಿಥಿಯಂ ಅದಿರು ಮೊದಲು ಬೀಳೋದೇ ರೋಟರಿ ಕಿಲ್ನ್‌ಗೆ. 1,050 ಡಿಗ್ರಿ ಆಸುಪಾಸು ಕಾಯಿಸಿ ಹರಳಿನ ರಚನೆ ಬದಲಾದರೇನೇ ಮುಂದೆ ಸಲ್ಫ್ಯೂರಿಕ್ ಆಸಿಡ್ ಅದರೊಳಗೆ ಇಳಿಯೋದು. ಬಿಸಿ ಸಾಲದಿದ್ದರೆ ಲಿಥಿಯಂ ಕಲ್ಲಲ್ಲೇ ಉಳಿಯುತ್ತೆ, ಹೆಚ್ಚಾದರೆ ಕರಗಿ ಒಳಗೋಡೆಗೆ ಅಂಟುತ್ತೆ. ನಿಮ್ಮಲ್ಲಿ ಅಕ್ರೀಷನ್ ಕಟ್ಟಿಕೊಂಡಿತು ಅಂತ ಕಿಲ್ನ್ ನಿಲ್ಲಿಸಿ ಒಡೀತಿದ್ರಲ್ಲ, ಇದು ಅದರ ಒಡಹುಟ್ಟಿದ್ದು. ಇಂಟರ್‌ವ್ಯೂನಲ್ಲಿ ಕಿಲ್ನ್ ಆಪರೇಟರ್ ಆಗಿದ್ದೆ ಅಂತ ಹೇಳಿ ಸುಮ್ಮನಾಗಬೇಡ. ಕಿಲ್ನ್‌ನ ಹೊರಕವಚ, ಶೆಲ್, ಕೆಂಪಾದಾಗ ಏನು ಮಾಡಿದೆ, ಕರೆಂಟ್ ಹೋದಾಗ ಕಿಲ್ನ್ ಬಾಗದ ಹಾಗೆ ಹೇಗೆ ತಿರುಗಿಸ್ತಾ ಇದ್ದೆ, ಅದನ್ನ ಹೇಳು.

ಆದರೂ ಕೋರ್ಸಿಗೆ ಸೇರು. ಪ್ರಾಸೆಸ್ ಪ್ಲಾಂಟ್ ಆಪರೇಷನ್ಸ್‌ನಲ್ಲಿ ಸರ್ಟಿಫಿಕೇಟ್ ತ್ರೀ ಮಾಡು. ನಾನು ಬಂದ ಹೊಸತರಲ್ಲಿ ವಾಲ್ವ್ ತಿರುಗಿಸೋದು ಇವರಿಂದ ಕಲಿಯಬೇಕಾ ಅಂತ ಅನಿಸಿತ್ತು. ಮೊದಲ ವಾರವೇ ತರಬೇತಿ ಕೊಡೋ ಮುದುಕ ಒಂದು ಹೀಟ್ ಎಕ್ಸ್‌ಚೇಂಜರ್ (ಒಂದು ದ್ರವದ ಶಾಖವನ್ನ ಇನ್ನೊಂದಕ್ಕೆ ದಾಟಿಸೋ ಯಂತ್ರ) ಮುಂದೆ ನಿಲ್ಲಿಸಿ, ಬಿಸಿ ಎಣ್ಣೆ ನಿಂತುಹೋದರೆ ಪೈಪ್ ಕೂಡಿಸೋ ಈ ಫ್ಲ್ಯಾಂಜ್ ಏನಾಗುತ್ತೆ ಅಂತ ಕೇಳಿದ. ತಣ್ಣಗಾಗುತ್ತೆ ಅಂದೆವು. ಆಮೇಲೆ? ಯಾರೂ ಬಾಯಿ ಬಿಡಲಿಲ್ಲ. ಆಗ ಲಾಂಗ್‌ಫರ್ಡ್ ಕಥೆ ಹೇಳಿದ.

ವಿಕ್ಟೋರಿಯಾ ರಾಜ್ಯದ ಗ್ಯಾಸ್ ಪ್ಲಾಂಟ್ ಅದು. 1998ರ ಸೆಪ್ಟೆಂಬರ್ 25ರಂದು ಬಿಸಿ ಎಣ್ಣೆಯ ಪಂಪ್‌ಗಳು ನಿಂತವು. ಬಿಸಿಯಾಗಿರಬೇಕಾದ ಎಕ್ಸ್‌ಚೇಂಜರ್ ಮೇಲೆ ಮಂಜುಗಡ್ಡೆ ಕಟ್ಟಿತು. ಅಷ್ಟು ತಣ್ಣಗಾದ ಉಕ್ಕು ಗಾಜಿನಂತೆ ಪೆಡಸಾಗುತ್ತೆ ಅನ್ನೋದು ಅಲ್ಲಿದ್ದವರಿಗೆ ಯಾರೂ ಕಲಿಸಿರಲಿಲ್ಲ. ಮತ್ತೆ ಬಿಸಿ ಎಣ್ಣೆ ಬಿಟ್ಟಾಗ ಅದು ಒಡೆದು ಬೆಂಕಿ ಹತ್ತಿತು. ಇಬ್ಬರು ಸತ್ತರು, ಎಂಟು ಜನಕ್ಕೆ ಪೆಟ್ಟಾಯ್ತು, ಸುಮಾರು ಎರಡು ವಾರ ರಾಜ್ಯದ ಹೆಚ್ಚಿನ ಕಡೆ ಗ್ಯಾಸ್ ಇಲ್ಲ. ಕಂಪನಿ ಆಪರೇಟರ್ ಕಡೆ ಬೆರಳು ತೋರಿಸಿತು. ರಾಯಲ್ ಕಮಿಷನ್ ಅದನ್ನ ಒಪ್ಪದೆ, ಸರಿಯಾದ ತರಬೇತಿ ಕೊಡದ ಕಂಪನಿಯದೇ ಹೊಣೆ ಅಂದಿತು. ಅವತ್ತಿಂದ ಯಾವ ಪೈಪ್ ನೋಡಿದರೂ, ಇದರಲ್ಲಿ ಹರೀತಿರೋದು ನಿಂತರೆ ಏನಾಗುತ್ತೆ ಅಂತ ಕೇಳಿಕೊಳ್ಳೋದು ನನಗೆ ಅಭ್ಯಾಸ ಆಗಿಹೋಗಿದೆ. ನೀನೂ ಕೇಳು. ಗೊತ್ತಿಲ್ಲದಿದ್ದರೆ ಸೂಪರ್‌ವೈಸರ್‌ಗೇ ಕೇಳು. ನಮ್ಮ ಕಡೆ ಶಿಫ್ಟ್ ಇನ್‌ಚಾರ್ಜ್‌ಗೆ ಎದುರು ಪ್ರಶ್ನೆ ಹಾಕೋಕೆ ಎಷ್ಟು ಅಳುಕು ಅಂತ ನಿನಗೆ ಹೇಳಬೇಕಾಗಿಲ್ಲ. ಇಲ್ಲಿ ಕೇಳದವನನ್ನ ಕಂಡರೇ ಭಯ.

ಲಿಥಿಯಂಗೆ ಭವಿಷ್ಯ ಇದೆಯಾ ಅಂದೆ. ನಾನು ಬೆಳೆದದ್ದು ಕುದುರೆಮುಖದ ಟೌನ್‌ಶಿಪ್‌ನಲ್ಲಿ. ಅಪ್ಪ ಗ್ರೈಂಡಿಂಗ್ ಮಿಲ್ ಆಪರೇಟರ್, ಸದ್ದು ಕೇಳಿಯೇ ಅದಿರು ಗಟ್ಟಿಯೋ ಮೆತ್ತಗೋ ಹೇಳೋರು. ಅಲ್ಲಿಂದ ಮಂಗಳೂರಿಗೆ 67 ಕಿಲೋಮೀಟರ್ ಪೈಪಲ್ಲಿ ಸ್ಲರಿ, ಅಂದರೆ ನೀರಲ್ಲಿ ಕಲಸಿದ ಅದಿರಿನ ಪುಡಿ, ಹರೀತಿತ್ತು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಕಾಡಿಗೂ ಭದ್ರೆಗೂ ಒಳ್ಳೇದೇ ಆಯ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಪ್ಪನಿಗೆ ಆಗಲೇ ಐವತ್ತು ದಾಟಿತ್ತು. ವಿದ್ಯೆ ಎಲ್ಲ ಕಿವಿಯಲ್ಲಿತ್ತು, ಕಾಗದದ ಮೇಲೆ ಒಂದು ಸಾಲೂ ಇರಲಿಲ್ಲ, ಆ ಕಾಲಕ್ಕೆ ಅಂಥ ಪದ್ಧತಿಯೂ ಇರಲಿಲ್ಲ. ಕೊನೆಗೆ ಮಂಗಳೂರಿನ ಒಂದು ಗೋಡೌನ್‌ನಲ್ಲಿ ಲೆಕ್ಕ ಬರೆದರು. ಇಲ್ಲಿ ಇಪ್ಪತ್ತೆರಡರ ಹುಡುಗನೂ ತನಗೇನು ಬರುತ್ತೆ ಅಂತ ಕಾಗದ ತೋರಿಸುವಾಗ ನನಗೆ ಅಪ್ಪನ ನೆನಪಾಗಿ ಸಂಕಟವಾಗುತ್ತೆ.

ಕ್ವಿನಾನಾದಲ್ಲೂ ಅದನ್ನೇ ನೋಡಿದೆ. 1955ರಲ್ಲಿ ಶುರುವಾದ ಬಿಪಿ ರಿಫೈನರಿ 2021ರಲ್ಲಿ ನಿಂತಿತು. 2024ರಲ್ಲಿ ಅಲ್ಯುಮಿನಾ ರಿಫೈನರಿ, ಅದೇ ವರ್ಷ ನಿಕಲ್ ರಿಫೈನರಿ. ಲಿಥಿಯಂ ಬೆಲೆ 2022ರಲ್ಲಿ ಆಕಾಶಕ್ಕೇರಿ ನೆಲಕ್ಕೆ ಬಿತ್ತು, ಬನ್‌ಬರಿ ಹತ್ತಿರದ ಕೆಮರ್ಟನ್‌ನಲ್ಲಿ ಕಟ್ಟುತ್ತಿದ್ದ ಹೊಸ ಘಟಕವನ್ನೇ ಕೈಬಿಟ್ಟರು. ಆದರೂ 2025ರಲ್ಲಿ ಕ್ವಿನಾನಾದಲ್ಲೇ ಇನ್ನೊಂದು ಲಿಥಿಯಂ ರಿಫೈನರಿ ಉತ್ಪಾದನೆ ಶುರು ಮಾಡಿತು. ಖನಿಜ ಬರುತ್ತೆ, ಹೋಗುತ್ತೆ. ಪಂಪ್, ಕಿಲ್ನ್, ಬಾಯ್ಲರ್, ಕ್ರಿಸ್ಟಲೈಸರ್ ಯಾಕೆ ಹಾಗೆ ನಡೆಯುತ್ತೆ ಅಂತ ತಿಳಿದವರು ಒಂದು ಗೇಟಿಂದ ಹೊರಬಂದು ಇನ್ನೊಂದು ಗೇಟಿಗೆ ಹೋದರು. ಒಂದೇ ಪ್ಲಾಂಟಿನ ಬಟನ್ ಗೊತ್ತಿದ್ದವರು ಮನೆಯಲ್ಲಿ ಕೂತರು.

ಹಾಗಾಗಿ ಮೊದಲು ಬಳ್ಳಾರಿಗೆ ಫೋನ್ ಮಾಡು. ನಿನ್ನ ತರಬೇತಿ ದಾಖಲೆ, ಸಹಿ ಮಾಡಿದ ಲಾಗ್‌ಬುಕ್ ಪುಟಗಳು ಸಿಗೋದಿದ್ದರೆ ಅವರ ಒಪ್ಪಿಗೆ ತಗೊಂಡು ನಕಲು ತರಿಸು. ಯಾವ ಯಂತ್ರ ಎಷ್ಟು ಕಾಲ ನಡೆಸಿದೆ ಅಂತ ಶಿಫ್ಟ್ ಇನ್‌ಚಾರ್ಜ್ ಕೈಲಿ ಲೆಟರ್‌ಹೆಡ್ ಮೇಲೆ ಬರೆಸು, ಅವರು ರಿಟೈರ್ ಆಗೋ ಮುಂಚೆ. ಟೇಫ್‌ನಲ್ಲಿ ಹಳೇ ಅನುಭವ ಪರಿಗಣಿಸೋ ವ್ಯವಸ್ಥೆ ಇದೆ, ಆರ್‌ಪಿಎಲ್ ಅಂತಾರೆ, ಕೆಲವು ಯೂನಿಟ್ ಅದರಲ್ಲೇ ಕಳೆಯಬಹುದು. ಫೀಸ್ ಕಟ್ಟೋ ಮುಂಚೆ ಅದನ್ನ ಕೇಳು, ವೀಸಾ ಯಾವುದು ಅಂತಲೂ ಹೇಳು, ಫೀಸ್ ಅದರ ಮೇಲಿದೆ. ಕಾಗದಗಳು ಬಂದಮೇಲೆ ಒಂದು ಭಾನುವಾರ ಇಬ್ಬರೂ ಮನೆಗೆ ಬನ್ನಿ, ಕೂತು ಅರ್ಜಿ ಬರೆಯೋಣ.