ಭಯಕ್ಕೆ ಕಾರಣವಿರುವಾಗ “ಭಯ ಬಿಡಿ” ಎನ್ನಲಾರೆ

ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕೆಲಸದವರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಒಂದೇ ದೂರು ಹೊತ್ತು ಮತ್ತೆ ಮತ್ತೆ ಬರುತ್ತಾರೆ: ನಿದ್ದೆಯಿಲ್ಲ, ಕ್ಯಾನ್ಸರ್ ಬಂದೇ ಬರುತ್ತದೆಂಬ ಭಯ. ನಾನಿಲ್ಲಿ ಹೇಳುವ ಕಾರ್ಮಿಕರೂ ಹಾಗೆಯೇ ಬಂದವರು. ಗುರುತಿನ ವಿವರ ಬದಲಿಸಿದ್ದೇನೆ. ಅಡುಗೆಮನೆಯ ಕಟ್ಟೆಗೆ ಹಾಸುವ ಕೃತಕ ಕ್ವಾರ್ಟ್ಜ್ ಕಲ್ಲಿನ ಹಲಗೆಗಳ ಅಂಚು ತೀಡುವುದು ಅವರ ಕೆಲಸ. ಜೊತೆಗಾರನಿಗೆ ಶ್ವಾಸಕೋಶದ ಕಾಯಿಲೆ ಪತ್ತೆಯಾದ ಮೇಲೆ ಪದೇ ಪದೇ ಎಕ್ಸ್-ರೇ ತೆಗೆಸುತ್ತಿದ್ದರು.

ಎರಡನೇ ಭೇಟಿಯಲ್ಲಿ ಅಂದರು: “ಮಾಸ್ಕ್ ಹಾಕ್ಕೊಂಡೇ ಇರ್ತೀನಿ ಮೇಡಂ. ಆದ್ರೂ ಸಂಜೆ ಮೂಗು ತೊಳೆದ್ರೆ ಬಿಳೀ ನೀರು ಬರುತ್ತೆ.”

ಅಲ್ಲಿಗೆ ಭಯ ತಗ್ಗಿಸುವ ಉಸಿರಾಟದ ಅಭ್ಯಾಸ ಬದಿಗಿಟ್ಟು ಕೆಲಸದ ರೀತಿ ಕೇಳಿದೆ. ನೀರು ಬಳಸದ ಒಣ ಗ್ರೈಂಡಿಂಗ್. ಬಟ್ಟೆಯ ಮಾಸ್ಕ್. ಗಡ್ಡ. ಸಂಜೆ ಕಂಪ್ರೆಸರ್ ಗಾಳಿಯಿಂದ ಮೈ, ನೆಲದ ಧೂಳು ಊದುವುದು. ಆ ಹಲಗೆಗಳಲ್ಲಿ ಸಿಲಿಕಾ (ಮರಳಿನಲ್ಲೂ ಇರುವ ಖನಿಜ) ಶೇ 90ರಷ್ಟಿರಬಹುದು. ಸಿಲಿಕಾ ಧೂಳನ್ನು 1997ರಲ್ಲೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಶ್ವಾಸಕೋಶದ ಆಳಕ್ಕಿಳಿಯುವ ಕಣಗಳು ಸುಮಾರು 4 ಮೈಕ್ರಾನ್‌ಗಿಂತ ಸಣ್ಣವು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ಕಣ್ಣಿಗೆ ಕಾಣವು. ಬಟ್ಟೆ ಅವನ್ನು ತಡೆಯದು. ಗಡ್ಡವಿದ್ದರೆ ಎನ್95 ಕೂಡ ಮುಖಕ್ಕೆ ಅಂಟದೆ ಅಂಚಿನಿಂದ ಸೋರುತ್ತದೆ.

ಯಂತ್ರದ ಮಾತು ಆಪ್ತಸಲಹೆಗಾರರಿಗೇಕೆ ಎನ್ನುವವರಿದ್ದಾರೆ. ಈ ಮನುಷ್ಯನ ಭಯ ಸುಳ್ಳಾಗಿರಲಿಲ್ಲ. ಅದನ್ನು ಸಮಾಧಾನಪಡಿಸಿ ಮತ್ತೆ ಅದೇ ಧೂಳಿಗೆ ಕಳಿಸುವುದನ್ನು ನಾನು ಚಿಕಿತ್ಸೆಯೆಂದು ಒಪ್ಪುವುದಿಲ್ಲ.

ಧೂಳು ಊದುತ್ತಿದ್ದ ಕಂಪ್ರೆಸರ್‌ನಲ್ಲೇ ದಾರಿಯಿತ್ತು. ಅದಕ್ಕೆ ಸಾಮರ್ಥ್ಯ ಸಾಕಿದ್ದರೆ, ನಡುವಿನಿಂದ ನೀರು ಹರಿದು ಧೂಳು ಏಳದಂತೆ ತಗ್ಗಿಸುವ, ಗಾಳಿಯ ಒತ್ತಡದಲ್ಲಿ ಓಡುವ ಗ್ರೈಂಡರ್ ಜೋಡಿಸಬಹುದು. ಸಾಮಾನ್ಯ ವಿದ್ಯುತ್ ಗ್ರೈಂಡರ್‌ಗೆ ನೀರು ಬಿಟ್ಟರೆ ಶಾಕ್ ಹೊಡೆಯಬಹುದು. ಒಣಗಿಯೇ ಮಾಡಬೇಕಾದ ಕೆಲಸಕ್ಕೆ ಚಕ್ರದ ಸುತ್ತ ಧೂಳು ಹೀರುವ ಕವಚ, ಅದಕ್ಕೆ ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್‌ನ ವ್ಯಾಕ್ಯೂಮ್ ಬೇಕು. ಅಮೆರಿಕದ ಕಟ್ಟಡ ಕಾಮಗಾರಿ ನಿಯಮ ಚಕ್ರದ ವ್ಯಾಸದ ಪ್ರತಿ ಇಂಚಿಗೆ ನಿಮಿಷಕ್ಕೆ 25 ಘನ ಅಡಿ ಗಾಳಿ ಹೀರಬೇಕೆನ್ನುತ್ತದೆ. 5 ಇಂಚಿಗೆ 125. ಮನೆಯ ವ್ಯಾಕ್ಯೂಮ್ ಆಗದು: ಅದರ ಚೀಲದಿಂದ ಸಣ್ಣ ಕಣ ಹೊರಗೇ ಬರುತ್ತದೆ. ಇಷ್ಟಾದರೂ ಮಾಸ್ಕ್ ಬಿಡುವಂತಿಲ್ಲ.

ಮಾಲೀಕರ ಬಳಿ ಒಬ್ಬರೇ ಹೋಗಬೇಡಿ, ಇಬ್ಬರನ್ನು ಕರೆದೊಯ್ಯಿರಿ, ಒಂದೇ ಯಂತ್ರಕ್ಕೆ ಕೇಳಿ ಎಂದೆ. ಬೀಡಿ ಬಿಡಿ, ಎಕ್ಸ್-ರೇ ವೈದ್ಯರು ಹೇಳಿದಾಗಷ್ಟೇ ತೆಗೆಸಿ ಎಂದೂ ಹೇಳಿದೆ.

ಒಂದು ನೀರಿನ ಗ್ರೈಂಡರ್ ಬಂತು. ನಿದ್ದೆ ಸ್ವಲ್ಪ ಸುಧಾರಿಸಿದೆ. ಆದರೆ ನೆಲದ ಕೆಸರನ್ನು ರಾತ್ರಿ ಹಾಗೇ ಬಿಡುತ್ತಿದ್ದಾರೆ. ಒಣಗಿದರೆ ಅದು ಮತ್ತೆ ಅದೇ ಧೂಳು. ಹಸಿಯಿರುವಾಗಲೇ ಬಳಿದು ಮುಚ್ಚಳದ ಡಬ್ಬಿಗೆ ತುಂಬಿಸುವುದು ಈಗ ಅವರ ಮುಂದಿರುವ ಕೆಲಸ.